ಹನಿ ಹಾಕಿದ್ಯಾ?

…ಅಯ್ಯೋ, ಮರೆತೆ ಅಂದ್ರೆ ಆಯ್ತಲ್ಲೇ! ಒಂದೇ ಒಂದು ಮಾತು. "ಸಾರ್, ಹಡಗು ವಿಪರೀತ ತೂಗಾಡ್ತಿತ್ತು, ತಲೆಸುತ್ತು, ವಾಂತಿ… ಸಮುದ್ರದ ನೀರಿನ ಬಾಟಲಿಗಳಿಗೆ ವಿಷದ ಹನಿ ಹಾಕೋದು ಮರೆತುಹೋಯ್ತು ಸಾರ್." ಅಷ್ಟೇ. ಮುಗೀತು. ಅದಕ್ಕೇನು ನೇಣಿಗೆ ಹಾಕ್ತಾರಾ? ಹೀಗೆ ಗೋಡೆ ನೋಡ್ಕೊಂಡು ನಿಂತ್ಕೋಬೇಡ. ಕೂತ್ಕೋ ಮೊದಲು. ಆ ಸ್ಟೂಲ್ ಬೇಡ! ಅದರ ಕಾಲು ಅಲ್ಲಾಡುತ್ತೆ, ಬಿದ್ದುಗಿದ್ದೀಯ. ಇಲ್ಲಿ, ಈ ಕುರ್ಚಿ. ನನ್ನದೇ ಕಣೇ, ಕೂತ್ಕೋ.

ಬೇಡ್ವಾ? ಸರಿ, ನಿಂತೇ ಇರು. ಹಟ ನೋಡು, ಹಟ! ಮನೇಲೂ ಇದೇ, ಲ್ಯಾಬಲ್ಲೂ ಇದೇ.

ಕೇಳು. ನಮ್ಮ ಲ್ಯಾಬಿನ ದೊಡ್ಡವರು ಮೇಲೆ ಊಟಕ್ಕೆ ಕೂತಿದ್ದಾರೆ. ಕೈ ತೊಳ್ಕೊಂಡು ನೇರ ಇಲ್ಲಿಗೇ ಇಳಿದು ಬರ್ತಾರೆ. ಬಂದವರು ನಿನ್ನ ಈ ಕುರ್ಚಿಯಲ್ಲಿ ಕೂರಿಸಿ ಒಂದೇ ಪ್ರಶ್ನೆ ಕೇಳ್ತಾರೆ. "ಏನಮ್ಮಾ, ಹನಿ ಹಾಕಿದ್ಯಾ?" ಅಂತ. ನೀನು "ಹಾಕಿದೆ ಸಾರ್" ಅಂದ್ಯೋ, ಮುಗೀತು ನಿನ್ನ ಕಥೆ. ಯಾಕಂದ್ರೆ ಬಾಟಲಿಗಳು ಬೇರೆ ಹೇಳ್ತಿವೆ. ಮರೆತವಳನ್ನ ಬೈತಾರೆ, ಒಂದಿಷ್ಟು ದಿನ ಮುಖ ಊದಿಸ್ಕೋತಾರೆ, ಆಮೇಲೆ ಮತ್ತೆ ಹಡಗು ಹತ್ತಿಸ್ತಾರೆ. ಆದ್ರೆ ಹಾಕದೇ ಹಾಕಿದೆ ಅಂದವಳನ್ನ? ಅವಳು ತಂದ ನೀರನ್ನ ಇನ್ಯಾವತ್ತೂ ಯಾರೂ ನಂಬಲ್ಲ ಕಣಮ್ಮಾ. ಈ ಕೆಲಸದಲ್ಲಿ ನಂಬಿಕೆ ಹೋದ್ರೆ ಉಳಿಯೋದು ಬರೀ ಉಪ್ಪುನೀರು.

ಯಾಕೆ ನಗ್ತೀಯ? ಏನು ಅಂಥಾ ನಗೋ ಮಾತು ಹೇಳಿದೆ ನಾನು? ಉಪ್ಪುನೀರು ಅಂದಿದ್ದಕ್ಕಾ? ನಗು ನಗು. ನಗೋ ಹೊತ್ತು ನೋಡು ಇದು!

ಆ ಹನಿ ಸೀಸೆ ಕೆಳಗಿಡು. ಆಗಿನಿಂದ ಬೆರಳಲ್ಲಿ ಉರುಳಿಸ್ತಾನೇ ಇದ್ದೀಯ. ಮಾತಿನ ಮೇಲೆ ಗಮನ ಇರಲಿ. ತಾ ಇಲ್ಲಿ, ನಾನು ಅದನ್ನ ತೊಳೆದು ಎತ್ತಿಡ್ತೀನಿ… ಕೊಡಲ್ವಾ? ಸರಿ, ಇಟ್ಕೋ.

ನಾನು ಸುಮ್ಮನೆ ನಿಂತಿರೋ ಬದಲು ಈ ಹನಿ ಡಬ್ಬಿಯಾದ್ರೂ ಖಾಲಿ ಮಾಡ್ತೀನಿ. ಹಡಗಿಂದ ಬಂದಾಗಿನಿಂದ ಹಾಗೇ ಬಿದ್ದಿದೆ. ಪಿಪೆಟ್ಟು… ಟಿಶ್ಯೂ… ಇದೇನಿದು? ಹಳದಿ ಗ್ಲೌಸು! ಪಾತ್ರೆ ತೊಳೆಯೋದು! ಅಬ್ಬಬ್ಬಾ, ಎಂಥಾ ಕೈಯೇ ಇದು, ಮೊರದಷ್ಟು ಅಗಲ. ಹಡಗಿನ ಅಡುಗೆಯಣ್ಣಂದು ತಾನೇ? ಇನ್ಯಾರಿಗಿದೆ ಇಂಥಾ ಕೈ. ಈರುಳ್ಳಿ ವಾಸನೆ ಬೇರೆ, ಥೂ. ಅದು ಹ್ಯಾಗೆ ಬಂತು ಹನಿ ಡಬ್ಬಿಯೊಳಗೆ? ಅವಸರದಲ್ಲಿ ಸಾಮಾನು ಕಟ್ಟಿರ್ತೀಯ, ಸಿಕ್ಕಿದ್ದೆಲ್ಲ ತುರುಕಿರ್ತೀಯ. ಮತ್ತೆ ನಾನು ಕೊಟ್ಟಿದ್ದ ನೀಲಿ ಗ್ಲೌಸು… ಅರೆ, ಪೊಟ್ಟಣ ಒಡೆದೇ ಇಲ್ಲ!

ನೋಡಿದ್ಯಾ? ಇದಕ್ಕಿಂತ ಇನ್ನೇನು ಬೇಕು? ನೀಲಿ ಗ್ಲೌಸಿನ ಪೊಟ್ಟಣ ಒಡೆದಿಲ್ಲ ಅಂದ್ರೆ ನೀನು ಹನಿ ಹಾಕೋಕೆ ಕೂತೇ ಇಲ್ಲ ಅಂತಾಯ್ತು. ದೊಡ್ಡವರಿಗೆ ಇದನ್ನೇ ತೋರಿಸು. ನಾನೂ ಪಕ್ಕದಲ್ಲಿ ನಿಂತು ಹೇಳ್ತೀನಿ, "ನಮ್ಮ ಸೊಸೆ ಗ್ಲೌಸಿಲ್ಲದೆ ವಿಷ ಮುಟ್ಟೋಳಲ್ಲ ಸಾರ್, ನಾನೇ ಕಲಿಸಿದ್ದು" ಅಂತ. ಅವರು ನನ್ನ ಮಾತು ತೆಗೆದುಹಾಕಲ್ಲ.

ತಲೆ ಅಲ್ಲಾಡಿಸಬೇಡ. ಇಲ್ಲ ಅಂದ್ರೆ ಏನರ್ಥ? ಹಾಕಿದೆ ಅಂತಾನಾ? ಬಾಟಲಿ ಅಳೆದವಳು ನಾನು ಕಣೇ! ಬೇರೆ ಯಾರಾದ್ರೂ ಅಳೆದಿದ್ರೆ ಯಂತ್ರ ಕೆಟ್ಟಿದೆ ಅಂತ ಜಗಳ ಆಡಬಹುದಿತ್ತು. ನಮ್ಮ ಮುದುಕಿ ಸುಳ್ಳು ಹೇಳಲ್ಲ… ಯಂತ್ರಕ್ಕೆ ಹೇಳಿದ್ದು, ನನಗಲ್ಲ. ನೀರು ಒಳಗೆ ಹೋಗುತ್ತೆ, ಆಸಿಡ್ ಬೀಳುತ್ತೆ, ನೀರಲ್ಲಿ ಕರಗಿದ್ದ ಇಂಗಾಲವೆಲ್ಲ ಗುಳುಗುಳು ಅಂತ ಎದ್ದು ಬರುತ್ತೆ, ಎಷ್ಟು ಬಂತು ಅಂತ ಮುದುಕಿ ಹೇಳ್ತಾಳೆ. ಒಂದೇ ಆಳದಿಂದ ತಂದ ಅವಳಿ ಬಾಟಲಿ, ಎರಡೂ ಒಂದೇ ಹೇಳಬೇಕು. ಒಂದನ್ನ ಬಂದ ದಿನವೇ ಅಳೆದೆ, ಇನ್ನೊಂದನ್ನ ವಾರ ಬಿಟ್ಟು ಅಳೆದೆ. ಆಮೇಲೆ ಅಳೆದದ್ದರಲ್ಲಿ ಇಂಗಾಲ ಜಾಸ್ತಿ. ಇನ್ನೊಂದು ಜೋಡಿ ತೆಗೆದೆ, ಅಲ್ಲೂ ಹಾಗೇ. ಕೂತ ಬಾಟಲಿ ಏರುತ್ತಾ ಹೋಗುತ್ತೆ ಅಂದ್ರೆ ಒಳಗೆ ಏನೋ ಬದುಕಿದೆ, ಉಸಿರಾಡ್ತಿದೆ ಅಂತ ತಾನೇ? ಇದನ್ನ ನೋಡಿದ ತಕ್ಷಣ ದೊಡ್ಡವರು ಕನ್ನಡಕ ಹಣೆ ಮೇಲೆ ಏರಿಸಿದ್ರು. ಅವರು ಕನ್ನಡಕ ಏರಿಸಿದ್ರೆ ಅದರ ಅರ್ಥ ಏನು ಅಂತ ನಿನಗೂ ಗೊತ್ತು.

ಯಾಕೆ ಅಳೆದೆ, ಯಾಕೆ ತೋರಿಸಿದೆ ಅಂತೀಯಾ? ಮುಚ್ಚಿಡೋಕಾಗುತ್ತಾ? ಸಂಖ್ಯೆ ತಿದ್ದೋಕಾಗುತ್ತಾ? ನಾನು ಅಂಥವಳಲ್ಲ. ಸಂಖ್ಯೆ ಯಾವತ್ತೂ ಮುಟ್ಟಿಲ್ಲ ನಾನು, ಆಣೆಗೂ ಇಲ್ಲ. ಸಂಖ್ಯೆ ಮುಟ್ಟಿಲ್ಲ.

ಬಿಸ್ಕೆಟ್ ತಿನ್ನು. ಆ ಡ್ರಾಯರಲ್ಲಿದೆ, ಉಪ್ಪಿನದ್ದು. ಬೆಳಗ್ಗೆಯಿಂದ ಖಾಲಿ ಹೊಟ್ಟೆ ನಿಂದು. ತಿನ್ನಲ್ವಾ? ಕಿಟಕಿ ತೆಗೀಲಾ? ಈ ಆಸಿಡ್ ವಾಸನೆ ಯಾರಿಗಾದ್ರೂ ಹೊಟ್ಟೆ ತೊಳೆಸುತ್ತೆ… ಹ್ಞಾಂ? ಸುಮ್ಮನೆ ಅಂದೆ. ಯಾರಿಗಾದ್ರೂ ಅಂದೆ. ಹಾಗೆ ತಿರುಗಿ ನೋಡೋದೇನಿದೆ ಅದರಲ್ಲಿ!

ನೀನು ಮೊದಲನೇ ದಿನ ಈ ಕೋಣೆಗೆ ಬಂದಾಗ ಏನು ಕೇಳಿದ್ದೆ ನೆನಪಿದ್ಯಾ? ಆಗಿನ್ನೂ ಸೊಸೆಯಲ್ಲ, ಎರಡು ಜಡೆ ಹಾಕ್ಕೊಂಡು ಬಂದಿದ್ದ ಹುಡುಗಿ. "ಇಷ್ಟು ಚೆನ್ನಾಗಿರೋ ನೀರಿಗೆ ವಿಷ ಯಾಕಮ್ಮಾ ಹಾಕ್ತೀರಾ?" ಅಂದೆ. ಏನು ನಕ್ಕಿದ್ದೆ ನಾನು! ಹೇಳಿದೆ, ಚೆನ್ನಾಗಿದೆ ಅಂತ ಕಾಣುತ್ತಷ್ಟೇ, ಒಂದು ಬಾಟಲಿಯೊಳಗೆ ಕಣ್ಣಿಗೆ ಕಾಣದ ಒಂದು ಸಂಸಾರವೇ ಇದೆ, ಅವು ತಿಂತವೆ, ಉಸಿರು ಬಿಡ್ತವೆ, ದಡ ಮುಟ್ಟೋದ್ರೊಳಗೆ ನೀರಿನ ಲೆಕ್ಕವನ್ನೇ ಕೆಡಿಸ್ತವೆ, ಅದಕ್ಕೇ ನೀರು ತುಂಬಿದ ತಕ್ಷಣ ಒಂದು ಹನಿ ಪಾದರಸದ ವಿಷ. ಅಲ್ಲಿಗೆ ಎಲ್ಲ ಸ್ತಬ್ಧ. ಆ ಕ್ಷಣದ ಸಮುದ್ರ ಆ ಕ್ಷಣದಲ್ಲೇ ನಿಂತುಬಿಡುತ್ತೆ. ನೀನು "ಪಾಪ" ಅಂದೆ. ಲ್ಯಾಬಿನಲ್ಲಿ ಇಷ್ಟು ಜನ ಬಂದು ಹೋಗಿದ್ದಾರೆ, ಆ ಹುಳಗಳಿಗೆ ಪಾಪ ಅಂದವಳು ನೀನೊಬ್ಬಳೇ. ಅವತ್ತೇ ಅಂದ್ಕೊಂಡೆ, ಈ ಹುಡುಗಿ ನಮ್ಮನೆಗೆ ಬರಬೇಕು ಅಂತ. ನನ್ನ ಮಗ ತಾನೇ ಹುಡುಕಿದ್ದು ಅಂತ ಬೀಗ್ತಾನೆ, ಬೀಗಲಿ ಬಿಡು. ನಿನಗೆ ಊಟದ ಡಬ್ಬಿ ಕೊಟ್ಟು ಬಾ ಅಂತ ಅವನನ್ನ ಇಲ್ಲಿಗೆ ಓಡಿಸ್ತಿದ್ದವಳು ಯಾರು?

ಮತ್ತೆ ಗ್ಲೌಸಿನ ಪಾಠ! ಅದನ್ನ ಹೇಳಿಕೊಟ್ಟಾಗ ನೀನು ಅತ್ತೇಬಿಟ್ಟಿದ್ದೆ. ಬರಿಗೈಲಿ ಹನಿ ಸೀಸೆಯ ಮುಚ್ಚಳ ಮುಟ್ಟಿದೆ ಅಂತ ನಾನು ಕೂಗಿದ ಕೂಗಿಗೆ ಮೇಲಿನ ಮಹಡಿಯಿಂದ ದೊಡ್ಡವರು ಇಳಿದು ಬಂದ್ರು, ಬೆಂಕಿ ಬಿತ್ತಾ ಅಂತ. ಅವತ್ತಿಂದಲೇ ತಾನೇ ನೀವೆಲ್ಲ ಸೇರಿ ನನಗೆ ಹೆಸರಿಟ್ಟಿದ್ದು? ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದೀರಾ? ಗ್ಲೌಸಮ್ಮ! ಗ್ಲೌಸಮ್ಮ ಬಂದ್ಲು, ಗ್ಲೌಸಮ್ಮ ನೋಡ್ತಾಳೆ. ಇರಲಿ. ಹೆಸರಿಗೆ ತಕ್ಕ ಹಾಗೇ ಇದ್ದೀನಿ. ದೊಡ್ಡವರ ಕೈಗೇ ಹೊಡೆದಿದ್ದೀನಿ ಒಂದ್ಸಲ, ಗ್ಲೌಸಿಲ್ಲದೆ ಸೀಸೆ ಎತ್ತಿದ್ರು ಅಂತ. ಬರಿಗೈ ಕಂಡ್ರೆ ನನಗೆ ಬಾಯಿ ತಾನಾಗೇ ತೆರೆದುಕೊಳ್ಳುತ್ತೆ, ತಡೆಯೋಕಾಗಲ್ಲ.

ಏನು? ಏನು ನೋಡ್ತಿದ್ದೀಯ ನನ್ನನ್ನೇ? ಮತ್ತೆ ಅದೇ ಸೀಸೆ ಉರುಳಿಸೋದು. ನಿಲ್ಲಿಸು.

ಸಮುದ್ರದ ಬಗ್ಗೆ ನೀನು ಹೇಳಿದ್ದು ತಪ್ಪು ಅಂತ ನಾನಂದ್ನಾ? ಇಲ್ಲವೇ ಇಲ್ಲ. ಇಡೀ ವರ್ಷ ಮನೇಲಿ ಅದೇ ಪಾರಾಯಣ ಆಗಿದೆ, ನನಗೆ ಬಾಯಿಪಾಠ. ಹಾಲಿನ ಲೋಟ ಮುಂದಿಟ್ಕೊಂಡು ಊದಿ ಊದಿ ತೋರಿಸ್ತಿದ್ದೆ. ಊದಿದ್ರೆ ಕೆನೆ ಪಕ್ಕಕ್ಕೆ ಹೋಗುತ್ತೆ, ಕೆಳಗಿನ ಹಾಲು ಮೇಲೆ ಬರುತ್ತೆ, ಸಮುದ್ರದಲ್ಲೂ ಅಷ್ಟೇ ಅತ್ತೆ, ಗಾಳಿ ಜೋರಾಗಿ ಬೀಸೋ ವರ್ಷ ಮೇಲಿನ ನೀರು ಸರಿದು ಆಳದ ತಣ್ಣನೆ ನೀರು ಮೇಲೆ ಬರುತ್ತೆ ಅಂತ. ಆಳದ ನೀರಲ್ಲಿ ಸತ್ತು ಬಿದ್ದ ಜೀವಗಳದ್ದೆಲ್ಲ ಇಂಗಾಲ ಸೇರಿಕೊಂಡಿರುತ್ತೆ, ಮೇಲೆ ಬಂದ ಕೂಡಲೇ ಗಾಳಿಗೆ ಬಿಟ್ಟುಬಿಡುತ್ತೆ ಅಂತ. ಈ ವರ್ಷದ ಹಾಗೆ ಗಾಳಿ ಸೋತು ಸಮುದ್ರ ಬಿಸಿಯಾದ್ರೆ? ಬಿಸಿನೀರು ಮುಚ್ಚಳ ಹಾಕ್ಕೊಂಡು ಕೂರುತ್ತೆ, ಆಳದ್ದು ಆಳದಲ್ಲೇ ಉಳಿಯುತ್ತೆ. "ಅತ್ತೆ, ಇಂಥ ವರ್ಷ ಆ ಸಮುದ್ರ ಉಸಿರು ಬಿಗಿಹಿಡಿಯುತ್ತೆ" ಅಂದಿದ್ದೆ. ನನ್ನ ಮಗ ಹೆದರ್ಕೊಂಡು ಹಾಲು ಕುಡಿಯೋದನ್ನೇ ಬಿಟ್ಟ, ಎಲ್ಲಿ ಅವನ ಲೋಟಕ್ಕೂ ಊದ್ತೀಯೋ ಅಂತ.

ದೊಡ್ಡವರು ಒಪ್ಪಲಿಲ್ಲ. "ಒಂದು ವರ್ಷದ ಆಟ ನೋಡಿ ಸಮುದ್ರದ ಸ್ವಭಾವ ಹೇಳಬೇಡಮ್ಮಾ" ಅಂದ್ರು. ನೀನು ಬಿಡಲಿಲ್ಲ. ಆ ಆಟ ಎಷ್ಟು ಅಂತ ತಿಳಿಯದೇ ಇದ್ರೆ ಸ್ವಭಾವ ಬದಲಾಗ್ತಿದೆ ಅಂತ ಹ್ಯಾಗೆ ಹೇಳ್ತೀರಿ ಸಾರ್, ನಮ್ಮ ಹೊಗೆ ನುಂಗಿ ನುಂಗಿ ಸಮುದ್ರಕ್ಕೆ ನಿಜವಾಗಿ ಸಾಕಾಗಿದೆಯೋ, ಇಲ್ಲ ಇದು ಬರೀ ಗಾಳಿಯ ಏರಿಳಿತವೋ ಅಂತ ಬಿಡಿಸೋದು ಹ್ಯಾಗೆ ಅಂದೆ. ಬಾಗಿಲ ಹಿಂದೆ ನಿಂತು ಕೇಳಿಸ್ಕೊಂಡೆ ನಾನು. ಎದೆ ಉಬ್ಬಿತ್ತು. ನಮ್ಮ ಹುಡುಗಿ ಅಂತ ಎದೆ ಉಬ್ಬಿತ್ತು ಕಣೇ. ಸರಿ, ಹೋಗು, ಬಿಸಿ ವರ್ಷ ಮುಗಿಯೋದ್ರೊಳಗೆ ನೀರು ತಾ ಅಂದ್ರು. ಇಂಥ ವರ್ಷ ಮತ್ತೆ ಯಾವಾಗ ಬರುತ್ತೋ ಯಾರು ಕಂಡಿದ್ದಾರೆ. ನೀನು ಬ್ಯಾಗು ಕಟ್ಟೋವಾಗ ಹಾಡು ಹೇಳ್ಕೋತಿದ್ದೆ. ಸ್ನಾನದ ಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಕೊಂಡು… ಅದು ಬಿಡು. ಹಾಡು ಹೇಳ್ಕೋತಿದ್ದೆ.

ಅದಕ್ಕೇ ಹೇಳ್ತಿರೋದು! ನಾಲ್ಕು ವರ್ಷದ ಕೆಲಸ ಒಂದು ಹಟಕ್ಕೆ ಕಳ್ಕೋಬೇಡ. ಈ ಸಲದ ಬಾಟಲಿ ಹೋಯ್ತು, ಹೋಗಲಿ. ಗಾಳಿ ತಿರುಗಿ ಬೀಸೋ ವರ್ಷ ಬರುತ್ತಲ್ಲ, ಆಗ ಅವರು ನಿನ್ನನ್ನೇ ಕಳಿಸಬೇಕು ಅಂದ್ರೆ ಇವತ್ತು ಮರೆತೆ ಅನ್ನು. ಯಾರು ಮರೆಯಲ್ಲ? ನನ್ನ ಮಗ ಮದುವೆ ದಿನ ಉಂಗುರವನ್ನೇ ಮರೆತು ಬಂದಿರಲಿಲ್ವಾ? ಆಮೇಲೆ ಒಂದೆರಡು ವರ್ಷ ಹಾಯಾಗಿ ದಡದ ಮೇಲಿರು. ಮನೇಲಿರು. ಆರಾಮಾಗಿರು. ಏನೀಗ? ಹಡಗು ಎಲ್ಲಿಗೂ ಓಡಿಹೋಗಲ್ಲ. ಈಗ ನೀನು ಭಾರ ಗೀರ ಎತ್ತೋದು, ಅಲೆಯ ಮೇಲೆ ಏರೋದು ಇಳಿಯೋದು… ಯಾರಿಗೇ ಆಗಲಿ ಅಷ್ಟೊಂದು ದಣಿವು ಒಳ್ಳೇದಲ್ಲ ಅಂತ ಹೇಳ್ದೆ.

ಮಾತಾಡೇ! ಆಗಿನಿಂದ ನಾನೊಬ್ಬಳೇ ಬಡ್ಕೋತಿದ್ದೀನಿ, ನೀನು ಕಲ್ಲು ನಿಂತ ಹಾಗೆ ನಿಂತಿದ್ದೀಯ. ಬೈದುಬಿಡು ಬೇಕಾದ್ರೆ. ಅತ್ತೆ, ನೀವು ಯಾರು ಹೇಳೋಕೆ ಅನ್ನು. ಮೆಟ್ಟಿಲ ಮೇಲೆ ಸದ್ದಾಯ್ತಾ? ಇಲ್ಲ, ಯಾರೋ ಟ್ರಾಲಿ ತಳ್ತಿದ್ದಾರೆ. ಇನ್ನೂ ಸ್ವಲ್ಪ ಹೊತ್ತಿದೆ. ಹೇಳು, ಒಂದ್ಸಲ ನನ್ನ ಮುಂದೆ ಹೇಳಿ ನೋಡು, ಬಾಯಿಗೆ ರೂಢಿಯಾಗುತ್ತೆ. "ಮರೆತೆ ಸಾರ್." ಅನ್ನು. "ಮರೆತೆ ಸಾರ್."

ಈಗ ಯಾಕೆ ಮುಚ್ಚಳ ತಿರುಗಿಸ್ತಿದ್ದೀಯ?

ಅದನ್ಯಾಕೆ ತೆಗೀತಿದ್ದೀಯ ಅಂದೆ. ಮೇಜಿನ ಮೇಲೆ ಚೆಲ್ಲಬೇಡ, ಈಗ ತಾನೇ ಒರೆಸಿದ್ದೀನಿ. ಅಯ್ಯೋ, ಚೆಲ್ಲೇಬಿಟ್ಯಲ್ಲ! ಕೈ ತುಂಬಾ… ಎಂಥಾ ಹುಡುಗಾಟ ಇದು, ದೊಡ್ಡವರು ಬರೋ ಹೊತ್ತಲ್ಲಿ! ಒರೆಸ್ಕೋ, ಇಗೋ ಬಟ್ಟೆ. ಯಾಕೆ ಕೈ ಹಾಗೆ ಚಾಚಿದ್ದೀಯ ನನ್ನ ಕಡೆ? ನೀರು ತಾನೇ, ಒರೆಸ್ಕೊಂಡ್ರೆ ಹೋಗ…

…

ಹ್ಞಾಂ?

ನಾನು… ಏನಂದೆ ನಾನು? ಒರೆಸ್ಕೋ ಅಂದೆ. ಅಷ್ಟೇ ತಾನೇ ಅಂದಿದ್ದು? ಯಾಕೆ ಹಾಗೆ ನೋಡ್ತಿದ್ದೀಯ? ಕೈ ಕೆಳಗಿಳಿಸು. ಇಳಿಸು ಅಂದೆ! ನೀರು ಅಂದ್ನಾ? ಬಾಯಿತಪ್ಪಿ ಬಂತು. ಹನಿ ಅನ್ನೋ ಬದಲು… ವಿಷ ಅನ್ನೋ ಬದಲು…

ಅಂಗೈ ಮುಚ್ಚು, ದಮ್ಮಯ್ಯ ಅಂತೀನಿ.

ನಾನು ಕೂಗಲಿಲ್ಲ. ಅದನ್ನೇ ತಾನೇ ನೀನು ಕಾಯ್ತಿದ್ದದ್ದು? ಆಗಿನಿಂದ ಬರಿಗೈಲಿ ಉರುಳಿಸಿದೆ, ಉರುಳಿಸಿದೆ, ಈ ಮುದುಕಿ ಯಾವಾಗ ಕೂಗ್ತಾಳೆ ಅಂತ ನೋಡಿದೆ. ನಾನು ಕೂಗಲಿಲ್ಲ. ದೊಡ್ಡವರ ಕೈಗೆ ಹೊಡೆದವಳು, ನಿನ್ನ ಅಂಗೈಯಲ್ಲಿ ಅದು ನಿಂತಿದ್ರೂ ಮೇಜು ಒದ್ದೆ ಆಗುತ್ತೆ ಅಂದೆ. ಅಯ್ಯೋ… ಅಯ್ಯೋ, ನನ್ನ ಬಾಯಿಗಿಷ್ಟು.

ಕೂಗು ನೀನೇ. ನೀನಾದ್ರೂ ಕೂಗು ನನ್ನ ಮೇಲೆ.

ಹೌದು. ನಾನೇ. ಹಡಗು ಹೊರಡೋ ಹಿಂದಿನ ದಿನ ಸೀಸೆ ತುಂಬೋಕೆ ಕೂತೆ. ಕೈಲಿ ನಿಜವಾದ ಹನಿಯ ಬಾಟಲಿ ಇತ್ತು, ಆ ಪಕ್ಕದಲ್ಲಿ ಉಪ್ಪುನೀರಿತ್ತು. ಎರಡೂ ಕಣ್ಣಿಗೆ ಒಂದೇ, ಬಣ್ಣ ಇಲ್ಲ, ವಾಸನೆ ಇಲ್ಲ. ನೀನು ನಲ್ಲಿ ಜೋರಾಗಿ ಬಿಟ್ಕೊಂಡು ವಾಂತಿ ಮಾಡ್ತಿದ್ದದ್ದು ನನಗೆ ಕೇಳಿಸಲ್ಲ ಅಂದ್ಕೊಂಡಿದ್ದೆಯಾ? ಕಾಫಿ ಲೋಟ ನೋಡಿದ್ರೆ ಮುಖ ತಿರುಗಿಸ್ತಿದ್ದೆ, ಒಗ್ಗರಣೆ ಹಾಕಿದ್ರೆ ಎದ್ದು ಹೊರಗೆ ಹೋಗ್ತಿದ್ದೆ. ನಾನೂ ಹೆತ್ತವಳು ಕಣಮ್ಮಾ. ಕಾದೆ. ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ ಕಾದೆ. ನೀನು ಹೇಳಲಿಲ್ಲ. ನನ್ನ ಮಗನಿಗೂ ಹೇಳಲಿಲ್ಲ. ಯಾಕೆ ಅಂತಲೂ ಗೊತ್ತು, ಹೇಳಿದ್ರೆ ಹಡಗಿಂದ ಇಳಿಸ್ತೀವಿ ಅಂತ. ನಾನು ದೊಡ್ಡವರಿಗೆ ಒಂದು ಮಾತು ಹೇಳಿದ್ರೆ ಸಾಕಿತ್ತು, ನೀನು ಹೋಗ್ತಿರಲಿಲ್ಲ. ಆದ್ರೆ ಆ ಹಾಡು… ನೀನು ಬ್ಯಾಗು ಕಟ್ಟೋವಾಗ ಹೇಳ್ಕೋತಿದ್ದ ಹಾಡು ಕೇಳಿ ಬಾಯಿ ಬರಲಿಲ್ಲ. ಹೋಗೂ ಬರಲಿ, ಆ ವಿಷವನ್ನೂ ಮುಟ್ಟದೇ ಇರಲಿ ಅಂತ… ಎರಡೂ ಆಗಲಿ ಅಂತ…

ನಿನ್ನ ಗಂಡನಿಗಿಂತ ಮುಂಚೆ ನನಗೊಂದು… ನಿಲ್ಲಲಿಲ್ಲ. ಮನೇಲಿ ಯಾರೂ ಅದರ ಮಾತೆತ್ತಲ್ಲ. ಆಗ ಗ್ಲೌಸು ಯಾರು ಕೊಡ್ತಿದ್ರು ಇಲ್ಲಿ? ಬರಿಗೈಲೇ ಹನಿ ಹಾಕ್ತಿದ್ವಿ, ಸೆರಗಿಗೆ ಕೈ ಒರೆಸ್ಕೋತಿದ್ವಿ. ಅದರಿಂದಲೇ ಅಂತ ಹೇಳೋಕಾಗಲ್ಲ, ಸುಮ್ಮನೆ ಹಾಗೂ ಆಗುತ್ತೆ ಅಂದ್ರು ಡಾಕ್ಟರು. ವಿಷದ ಕೆಲಸವಾ, ಸುಮ್ಮನೆ ಆಗಿದ್ದಾ… ಇವತ್ತಿಗೂ ಬಿಡಿಸೋಕಾಗಿಲ್ಲ ನನಗೆ. ಅದಕ್ಕೇ ಗ್ಲೌಸಮ್ಮ ಆದೆ. ನೀವೆಲ್ಲ ನಗ್ತಿದ್ರಿ, ನಾನೂ ನಗ್ತಿದ್ದೆ.

ಸರಿಮಾಡ್ತೀನಿ ಅಂದ್ಕೊಂಡಿದ್ದೆ ಕಣೇ! ಬಾಟಲಿ ಬಂದ ಕೂಡಲೇ ಅಳೆದುಬಿಡೋಣ, ಅವಳಿಯಲ್ಲಿ ಒಂದನ್ನ ತಡೆದಿಟ್ಟು ದಿನಕ್ಕೆ ಎಷ್ಟು ಏರುತ್ತೆ ನೋಡೋಣ, ಅಷ್ಟನ್ನ ಹಿಂದಕ್ಕೆ ಕಳೆದ್ರೆ ಆ ದಿನದ ಸಮುದ್ರ ಸಿಗುತ್ತೆ ಅಂತ. ಯಾರಿಗೂ ಹೇಳದೆ ನಿನಗೊಬ್ಬಳಿಗೆ ಹೇಳಿ ತಿದ್ದಿಕೊಡೋಣ ಅಂತ. ಬಂದರಲ್ಲಿ ಜಾಗ ಇಲ್ಲ ಅಂತ ಹಡಗನ್ನ ಅಷ್ಟು ದಿನ ಹೊರಗೆ ನಿಲ್ಲಿಸ್ತಾರೆ ಅಂತ ನನಗೇನು ಕನಸು ಬಿದ್ದಿತ್ತಾ? ಬಿಸಿ ವರ್ಷದ ನೀರು, ಬೆಚ್ಚಗಿತ್ತು, ಒಳಗಿದ್ದವು ಹಬ್ಬ ಮಾಡಿವೆ. ಒಂದು ಬಾಟಲಿ ಒಂದು ಥರ ಏರಿದೆ, ಇನ್ನೊಂದು ಇನ್ನೊಂದು ಥರ. ಯಾವುದನ್ನ ಎಷ್ಟು ಕಳೀಲಿ? ನಿನ್ನ ಸಮುದ್ರ ಹೋಯ್ತು. ಉಸಿರು ಬಿಗಿಹಿಡಿದಿತ್ತಾ, ಬಿಟ್ಟಿತ್ತಾ, ಯಾರಿಗೂ ಗೊತ್ತಾಗಲ್ಲ ಇನ್ನು. ನಾನು ಹಾಳುಮಾಡಿದೆ. ಆದ್ರೆ ಒಂದಾಯ್ತಲ್ಲ, ಅಷ್ಟೊಂದು ಬಾಟಲಿಗೆ ಹನಿ ಹಾಕಿದ್ರೂ ನೀನು ವಿಷ ಮುಟ್ಟಲಿಲ್ಲ. ಅದೊಂದಾದ್ರೂ ಉಳೀತು. ಮಗು…

ಏನು ಮಾಡ್ತಿದ್ದೀಯ? ಬಿಡು, ಆ ಹಳದಿ ಗ್ಲೌಸು ಯಾಕೆ ಹಾಕ್ಕೋತೀಯ? ಅಡುಗೆಯಣ್ಣಂದು ಅದು, ಕೊಳಕು. ನಿನ್ನ ಬೆರಳು ಅರ್ಧಕ್ಕೂ ತಲುಪ್ತಿಲ್ಲ ನೋಡು. ಯಾಕೆ ಹಾಗೆ ಕೈಯೆತ್ತಿ ತೋರಿಸ್ತೀಯ…

ಹನಿ ಡಬ್ಬಿಯೊಳಗಿತ್ತು.

ನೀಲಿ ಪೊಟ್ಟಣ ಒಡೆದಿಲ್ಲ. ಅವನ ಕೈಗೆ ಅವು ಹಿಡಿಸಲ್ಲ.

ಅವನ ಕೈಲಿ ಹಾಕಿಸಿದ್ಯಾ? ಅಡುಗೆಯಣ್ಣನ ಕೈಲಿ? ನೀನು ದೂರ ನಿಂತ್ಕೊಂಡು… ಪ್ರತಿ ಬಾಟಲಿಗೂ ಅವನನ್ನೇ ಕರೆದು… ನೀನು ಮುಟ್ಟಲೇ ಇಲ್ವಾ? ಮೊದಲಿಂದಲೂ? ನಿನಗೆ ಗೊತ್ತಿತ್ತು. ಅಯ್ಯೋ ನನ್ನ ಕಂದಾ, ಹೊಟ್ಟೆಯಲ್ಲಿ ಮಗು ಇದ್ದಾಗ ವಿಷ ಮುಟ್ಟಬಾರದು ಅಂತ ನಿನಗೆ ಎಲ್ಲ ಗೊತ್ತಿತ್ತು. ನಾನು ಕಲಿಸಿದ್ದು ನೀನು ಕಲಿತೇ ಇದ್ದೆ. ನಿಜವಾದ ಹನಿ ತುಂಬಿಟ್ಟಿದ್ರೂ ನಿನ್ನ ಬೆರಳಿಗೆ ತಾಕ್ತಿರಲಿಲ್ಲ, ಏನೂ ಆಗ್ತಿರಲಿಲ್ಲ. ನಾನು ಸುಮ್ಮನೆ… ಸುಮ್ಮಸುಮ್ಮನೆ…

ಒಂದು ಮಾತು ಆಡು. ಒಂದೇ ಒಂದು. ನಿನಗೆ ಕೋಪ ಬಂದಿದೆ ಅನ್ನು. ಅಳು. ಏನಾದ್ರೂ ಮಾಡು.

ಬಂದ್ರು. ಈಗ ನಿಜವಾಗ್ಲೂ ಮೆಟ್ಟಿಲಿಳೀತಿದ್ದಾರೆ, ಅವರದ್ದೇ ಚಪ್ಪಲಿ ಸದ್ದು. ಕೈ ಒರೆಸ್ಕೋ ಬೇಗ. ಗ್ಲೌಸು ಆ ಕಡೆ ಇಡು. ಏನು ಹೇಳ್ತೀಯ ಅವರಿಗೆ? ನಾನು ಹೇಳಿದ್ದು ಹೇಳಬೇಡ, ಅದು ಬೇಡ… ಹಾಕಿದೆ ಅಂತೀಯಾ? ಹಾಕಿದೆ ಅಂದ್ರೆ ಸುಳ್ಳಿ ಅಂತಾರೆ ನಿನ್ನ. ಹಾಗಂದ್ರೆ ನಾನು… ಯಾಕೆ ಕುರ್ಚಿ ಎಳೀತಿದ್ದೀಯ? ಕೂರ್ತೀಯಾ? ಕೂತ್ಕೋ, ಹ್ಞಾಂ, ಕೂತ್ಕೋ ತಾಯಿ… ಇಲ್ಲ, ಈ ಕಡೆ ಯಾಕೆ ತಳ್ತೀಯ?

ನಾನಾ?

ನನ್ನನ್ನ ಕೂರಿಸ್ತಿದ್ದೀಯಾ ಇದರಲ್ಲಿ?

…ಬನ್ನಿ ಸಾರ್. ಬಾಗಿಲು ತೆರೆದೇ ಇದೆ. ಅವಳನ್ನ ಕೇಳಬೇಡಿ, ಸಾರ್. ನನ್ನ ಕೇಳಿ. ಹನಿ ಹಾಕಿದ್ದಾರೆ. ಒಂದು ಬಾಟಲಿಯೂ ಬಿಡದೆ ಹಾಕಿದ್ದಾರೆ. ಸೀಸೆಗೆ ಉಪ್ಪುನೀರು ತುಂಬಿದವಳು ನಾನು.